ಕ್ಲಿಕ್ ಮಾಡಿದ್ರ ನಾಯಿ ಕೈ ನೋಡ್ತದ, ಕೌದಿ ಕಡಿ ಹೋಗವಲ್ದು: ಏನ್ ಮಾಡೋದು?

ಪ್ರಶ್ನೆ (ರಾಯಚೂರು): ನಮಸ್ಕಾರ್ರಿ ಸರ. ನಮ್ಮದು ಎಂಟು ತಿಂಗಳ ಮುಧೋಳ ನಾಯಿ, ಗಂಡು. ಮನಿಗೆ ಯಾರರ ಬಂದ್ರ ಮೈಮ್ಯಾಲ ಜಿಗೀತದ. ಬಾಗಲಾ ಬಡಿದ್ರ ಮೂಲ್ಯಾಗಿನ ಕೌದಿ ಮ್ಯಾಲ ಹೋಗಿ ಮಲಗೋದು ಕಲಿಸಬೇಕಂತ ಕ್ಲಿಕ್ಕರ್ (ಒತ್ತಿದ್ರ ಟಿಕ್ ಅನ್ನೋ ಸಣ್ಣ ಡಬ್ಬಿ; ಸಪ್ಪಳ ಆತಂದ್ರ ತಿನಿಸು ಬರ್ತದಂತ ನಾಯಿಗೆ ತಿಳಿಸಾಕ) ತಂದೀವಿ. ಕ್ಲಿಕ್ ಮಾಡಿದ್ರ ನನ್ನ ಕೈ ನೋಡ್ಕೋತ ನಿಂದರ್ತದ. "ಕೌದಿ, ಕೌದಿ" ಅಂತ ಹೇಳಿ ಹೇಳಿ ಸಾಕಾತ್ರಿ.

ಉತ್ತರ (ತರಬೇತುದಾರ): ಕ್ಲಿಕ್ ಒತ್ತೋ ಹೊತ್ತಿಗೇ ನಿಮ್ಮ ಇನ್ನೊಂದು ಕೈ ತಿನಿಸಿನ ಚೀಲಕ್ಕ ಹೊಂಟಿರ್ತದ. ಹಂಗಾದ್ರ ನಾಯಿಗೆ ಸಪ್ಪಳ ಯಾಕ ಬೇಕು, ಕೈ ನೋಡಿದ್ರ ಸಾಕಲ್ಲ? ಮುಧೋಳ ಅಂತೂ ಕಣ್ಣಿಂದ ಬ್ಯಾಟಿ ಹಿಡಿಯೋ ತಳಿ, ಅಲುಗಿದ್ದನ್ನ ಬಿಡಂಗಿಲ್ಲ. ಎರಡೂ ಕೈ ಸುಮ್ಮನಿರಲಿ. ಮೊದಲು ಕ್ಲಿಕ್, ಆಮ್ಯಾಲ ಕೈ ಚೀಲಕ್ಕ, ಒಂದೆರಡು ಸೆಕೆಂಡಿನ್ಯಾಗ ತಿನಿಸು.

ಕೌದಿ ಸದ್ಯ ಸುತ್ತಿಡ್ರಿ. ಬೇಯಿಸಿದ ಸಪ್ಪನ ಕೋಳಿ, ಕಡಲೆಕಾಳಿನಷ್ಟು 15 ಚೂರು ತಗೋರಿ. ನಾಯಿ ಏನೂ ಮಾಡಬೇಕಾಗಿಲ್ಲ: ಕ್ಲಿಕ್, ಚೂರು, ಕ್ಲಿಕ್, ಚೂರು. ಅದು ಬ್ಯಾರೆ ಕಡಿ ನೋಡೋವಾಗ ಕ್ಲಿಕ್ ಮಾಡ್ರಿ. ಕುತ್ತಿಗಿ ಗಕ್ಕನ ನಿಮ್ಮ ಕಡಿ ತಿರುಗಿತಂದ್ರ ಸಪ್ಪಳದ ಅರ್ಥ ಆಗ್ಯದ. ಇಲ್ಲಂದ್ರ ಇನ್ನೊಂದೆರಡು ಸರ್ತಿ ಇಷ್ಟೇ ಮಾಡ್ರಿ.

ಆಮ್ಯಾಲ ಕೌದಿ ಹಾಸ್ರಿ, ಬಾಯಿ ಬಿಡಬ್ಯಾಡ್ರಿ. ಅದರ ಕಡಿ ನೋಡಿದ್ರ ಕ್ಲಿಕ್, ಚೂರು ಕೌದಿ ಮ್ಯಾಲೇ ಒಗೀರಿ. ಮುಂದ ಒಂದು ಕಾಲಿಟ್ರ, ಆಮ್ಯಾಲ ನಾಲ್ಕೂ ಕಾಲಿಟ್ರ, ಕಡೀಕ ಮಲಗಿದ್ರ. ನಡುವ ಒಂದು ಚೂರು ಕೌದಿಯಿಂದ ದೂರ ಒಗೀರಿ, ಇಲ್ಲಂದ್ರ ಅಲ್ಲೇ ಕುಂತುಬಿಡ್ತದ, ಹೊಳ್ಳಿ ಹೋಗೋ ಅಭ್ಯಾಸ ಆಗಂಗಿಲ್ಲ. ಹತ್ತರಾಗ ಎಂಟು ಸರ್ತಿ ಸರಿ ಮಾಡಿದ್ರ ಮಾತ್ರ ಮುಂದಿನ ಮೆಟ್ಟಲ. ಎರಡು ಮೂರು ಸರ್ತಿ ಸತತ ತಪ್ಪಿದ್ರ ಒಂದು ಮೆಟ್ಟಲ ಹಿಂದಕ್ಕ. ಒಂದು ಪಾಠ ಮೂರು ನಿಮಿಷ, ದಿನಕ್ಕ ಎರಡು ಮೂರು ಪಾಠ. ಕೌದಿ ದಪ್ಪಾಗಿ ಮಡಚಿರಲಿ, ಈ ತಳಿಯ ಮೊಣಕೈ ಬರೇ ಎಲುಬು, ಗಟ್ಟಿ ನೆಲದ ಮ್ಯಾಲ ಮಲಗಾಕ ಒಲ್ಲೆ ಅಂತದ.

ತಾನಾಗೇ ಹೋಗಿ ಮಲಗಾಕ ಹತ್ತಿದ ಮ್ಯಾಲ ಮಾತು ಹೇಳ್ರಿ, ಹೊರಡೋಕಿಂತ ಸ್ವಲ್ಪ ಮೊದಲು, ಒಂದೇ ಸರ್ತಿ. ಈಗ ನೀವು "ಕೌದಿ" ಅಂತ ಹೇಳಿ ಹೇಳಿ ಆ ಮಾತಿಗೆ ಬೆಲೆನೇ ಇಲ್ಲದಂಗ ಆಗ್ಯದ. "ಜಾಗ" ಅಂತ ಹೊಸದಿಟ್ಟುಕೊಂಡ್ರ ಚೊಲೊ. ಬಾಗಲಾ ಬಡಿಯೋದು ಎಲ್ಲಕ್ಕೂ ಕಡೀಕ: ಮೊದಲು ಮನಿಯವರೇ ಒಳಗಿಂದ ಮೆಲ್ಲಗ, ಆಮ್ಯಾಲ ಹೊರಗಿಂದ, ಆಮ್ಯಾಲ ಬ್ಯಾರೆಯವರು. ಅಲ್ಲೀತನಕ ಬಂದವರ ಮುಂದ ಪಟ್ಟಿ ಹಾಕಿ ಹಿಡೀರಿ.

ಪ್ರಶ್ನೆ (ಗಂಗಾವತಿ): ನಮ್ಮ ನಾಯಿ ಕ್ಲಿಕ್ಕಿಗೆ ಬೆದರಿ ಮಂಚದ ಕೆಳಗ ಹೋಗ್ತದರಿ. "ಶಾಬಾಸ್" ಅಂದ್ರ ನಡೀತದೇನು?

ಉತ್ತರ: ಶಾಬಾಸ್ ಉದ್ದಾತು, ಮನ್ಯಾಗ ಎಲ್ಲರೂ ಸುಮ್ಮಸುಮ್ಮನ ಅಂತಿರ್ತಾರ. "ಟಕ್" ಅನ್ರಿ, ಯಾವಾಗಲೂ ಒಂದೇ ದನಿ. ಬಾಲ್‌ಪೆನ್ನಿನ ಸಪ್ಪಳನೂ ಆಗ್ತದ.

ಪ್ರಶ್ನೆ (ಗಂಗಾವತಿ): ತಪ್ಪಿ ಟಕ್ ಅಂದ್ರ?

ಉತ್ತರ: ಆದ್ರೂ ತಿನಿಸು ಕೊಡ್ರಿ. ಒಂದು ತಪ್ಪಿಗೆ ಬಹುಮಾನ ಸಿಕ್ರ ಏನೂ ಕೆಡಂಗಿಲ್ಲ; ಸಪ್ಪಳ ಸುಳ್ಳಾತಂದ್ರ ಕೆಡ್ತದ. ತಡ ಮಾಡಿದ್ರೂ ಹಂಗ: ಮಲಗಿದ್ದಕ್ಕ ಅನ್ನಬೇಕಾಗಿದ್ದು ಎದ್ದಾಗ ಅಂದ್ರ ಏಳೋದನ್ನೇ ಕಲೀತದ. ನಾಯಿನ ಕರಿಯಾಕಂತೂ ಟಕ್ ಬಳಸಬ್ಯಾಡ್ರಿ.

ಪ್ರಶ್ನೆ (ಬಳ್ಳಾರಿ): ಮನ್ಯಾಗ ಮಾಡಿದ ಕೋಳಿ ಸಾರಿನ ತುಣುಕು ತೊಳದು ಕೊಡಬಹುದೇನ್ರಿ? ಎಷ್ಟು ದಿನ ತಿನಿಸು ಕೊಡ್ಕೋತ ಇರೋದು?

ಉತ್ತರ: ಬ್ಯಾಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ರಸ ಮಾಂಸದಾಗ ಇಳಿದಿರ್ತದ, ಅದು ನಾಯಿಯ ರಕ್ತಕಣ ಒಡೀತದ. ಒಣದ್ರಾಕ್ಷಿನೂ ಬ್ಯಾಡ, ಕಿಡ್ನಿಗೆ ಕುತ್ತು. ಬೇಯಿಸಿದ ತತ್ತಿ ಚೊಲೊ. ತಿನಿಸು ದಿನದ ಆಹಾರದ ಶೇ. 10 ದಾಟಬಾರದು, ಅಷ್ಟನ್ನ ಊಟದಾಗ ಕಡಿಮಿ ಮಾಡ್ರಿ.

ಕ್ಲಿಕ್ ಬೇಕಾಗೋದು ನಾಯಿ ಪಾಠ ಕಲಿಯೋತನಕ ಅಷ್ಟೇ. ಮಾತು ಹೇಳಿದ ಕೂಡಲೇ ಬಾಗಲಾ ಬಡಿದಾಗಲೂ ಹೋಗಿ ಮಲಗಾಕ ಹತ್ತಿದ್ರ ಕ್ಲಿಕ್ಕರ್ ತೆಗೆದಿಡ್ರಿ, ತಿನಿಸು ಆವಾಗೊಮ್ಮೆ ಈವಾಗೊಮ್ಮೆ ಇರಲಿ. ಮತ್ತ, ನಿಮ್ಮ ಕಡಿ ಬ್ಯಾಸಗ್ಯಾಗ ಪಾಠ ಬಿಸಿಲೇರೋ ಮೊದಲು ಮುಗೀಬೇಕು. ಅಂಗಳದ ಕಲ್ಲಿನ ಮ್ಯಾಲ ಐದು ಸೆಕೆಂಡ್ ಅಂಗೈ ಇಡಾಕಾಗಲಿಲ್ಲಂದ್ರ ನಾಯಿ ಪಾದನೂ ಸುಡ್ತದ.