ನಗರ ಸಾರಿಗೆಯ ಸುಧಾರಣೆಗೆ ಇರುವ ಸೀಮಿತ ಹಣವನ್ನು ಮೊದಲು ಯಾವುದಕ್ಕೆ ಖರ್ಚು ಮಾಡಬೇಕು?

ಪ್ರಶ್ನೆ

ನಗರ ಸಾರಿಗೆ ಯೋಜನೆಯೊಂದರ ಕರಡಿನ ಮೇಲೆ ನಾಗರಿಕರ ಅಭಿಪ್ರಾಯ ಕೇಳಲಾಗಿದ್ದು, ನಮ್ಮ ಬಡಾವಣೆಯವರ ಪರವಾಗಿ ಎರಡು ಪುಟಗಳ ಟಿಪ್ಪಣಿ ಬರೆದುಕೊಡುವ ಹೊಣೆ ನನ್ನ ಮೇಲಿದೆ. ಸಾರಿಗೆಯು ಪರಿಸರಕ್ಕೆ ಹೊರೆಯಾಗಬಾರದು, ಎಲ್ಲರಿಗೂ ಎಟುಕುವಂತಿರಬೇಕು, ಹೊಸ ತಂತ್ರಜ್ಞಾನವನ್ನು ಬಳಸಿಕೊಳ್ಳಬೇಕು ಎಂಬ ಮೂರು ಗುರಿಗಳನ್ನು ಕರಡಿನಲ್ಲಿ ಹೇಳಲಾಗಿದೆ. ಮೂರನ್ನೂ ನಾನು ಮನಸಾರೆ ಒಪ್ಪುತ್ತೇನೆ. ಆದರೆ ಹಣದ ಬಹುಪಾಲು ವಿದ್ಯುತ್ ಬಸ್‌ಗಳ ಖರೀದಿಗೂ ಮೊಬೈಲ್ ಆ್ಯಪ್‌ಗೂ ಮೀಸಲಾಗಿದೆ; ಎರಡನೆಯ ಗುರಿಗೆ ಒಂದು ಪ್ಯಾರಾ ಮಾತ್ರ ಸಿಕ್ಕಿದೆ.

ಮಂಡಿನೋವಿನಿಂದ ಬಳಲುತ್ತಿರುವ ನನ್ನ ತಾಯಿ ಬಸ್ಸಿನ ಮೊದಲ ಮೆಟ್ಟಿಲನ್ನು ಹತ್ತಲಾರದೆ ಎರಡು ವರ್ಷಗಳಿಂದ ಒಬ್ಬರೇ ಹೊರಗೆ ಹೋಗುವುದನ್ನೇ ನಿಲ್ಲಿಸಿದ್ದಾರೆ. ಬಸ್ ವಿದ್ಯುತ್ತಿನದಾದ ಮಾತ್ರಕ್ಕೆ ಅವರ ಪಾಲಿಗೆ ಏನು ಬದಲಾಗುತ್ತದೆ ಎಂದು ಯೋಚಿಸುತ್ತಿದ್ದೇನೆ. ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು, ದಿನನಿತ್ಯ ಬಸ್ಸನ್ನೇ ನಂಬಿರುವವರು ದಯವಿಟ್ಟು ತಿಳಿಸಬೇಕು: ಮೊದಲ ಆದ್ಯತೆ ಯಾವುದಕ್ಕಿರಬೇಕು?

ಪ್ರತಿಕ್ರಿಯೆ 1

ಬಸ್ ವೇಳಾಪಟ್ಟಿ ಸಿದ್ಧಪಡಿಸುವ ಕೆಲಸದಲ್ಲಿ ಬಹಳ ವರ್ಷ ಇದ್ದವನಾಗಿ ಹೇಳುವುದಾದರೆ, ಮೊದಲ ಹಣ ಬಸ್ಸಿಗೆ ದಾರಿ ಬಿಡಿಸುವುದಕ್ಕೆ ಹೋಗಬೇಕು. ಕಾರಣವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಸುತ್ತೇನೆ. ಹೋಗಿಬರಲು 60 ನಿಮಿಷ ಹಿಡಿಯುವ ಮಾರ್ಗದಲ್ಲಿ ಆರು ಬಸ್‌ಗಳನ್ನು ಓಡಿಸಿದರೆ ಪ್ರತಿ 10 ನಿಮಿಷಕ್ಕೆ ಒಂದು ಬಸ್ ಸಿಗುತ್ತದೆ. ವಾಹನ ದಟ್ಟಣೆಯಿಂದಾಗಿ ಅದೇ ಸುತ್ತು 90 ನಿಮಿಷಕ್ಕೆ ಏರಿದರೆ ಅಷ್ಟೇ ಬಸ್‌ಗಳು, ಅಷ್ಟೇ ಚಾಲಕರು ಇದ್ದರೂ ಅಂತರ 15 ನಿಮಿಷವಾಗುತ್ತದೆ. ಪ್ರತ್ಯೇಕ ಪಥ ಕೊಟ್ಟು, ಸಿಗ್ನಲ್‌ಗಳಲ್ಲಿ ಬಸ್ಸಿಗೆ ಮೊದಲು ಹಸಿರು ದೀಪ ಸಿಗುವಂತೆ ಮಾಡಿ ಸುತ್ತನ್ನು 48 ನಿಮಿಷಕ್ಕೆ ಇಳಿಸಲು ಸಾಧ್ಯವಾದರೆ ಒಂದೇ ಒಂದು ಹೊಸ ಬಸ್ ಕೊಳ್ಳದೆಯೂ ಪ್ರತಿ 8 ನಿಮಿಷಕ್ಕೊಂದು ಬಸ್ ಬರುತ್ತದೆ.

ದಟ್ಟಣೆಯಲ್ಲಿ ಇನ್ನೊಂದು ಸಂಕಟವೂ ಇದೆ. ಸ್ವಲ್ಪ ತಡವಾದ ಬಸ್ಸಿಗಾಗಿ ನಿಲ್ದಾಣದಲ್ಲಿ ಹೆಚ್ಚು ಜನ ಸೇರುತ್ತಾರೆ. ಅವರೆಲ್ಲ ಹತ್ತುವಷ್ಟರಲ್ಲಿ ಅದು ಮತ್ತಷ್ಟು ತಡವಾಗುತ್ತದೆ. ಅದರ ಹಿಂದೆ ಬರುವ ಬಸ್ಸಿಗೆ ಪ್ರಯಾಣಿಕರೇ ಉಳಿಯದೆ ಅದು ಬೇಗ ಸಾಗಿ ಮುಂದಿನದರ ಬೆನ್ನು ಹಿಡಿಯುತ್ತದೆ. ಅರ್ಧ ಗಂಟೆ ಕಾದವರ ಎದುರು ಎರಡು ಬಸ್‌ಗಳು ಜೋಡಿಯಾಗಿ ಬಂದು ನಿಲ್ಲುವುದು ಹೀಗೆ. ಜನ ಚಾಲಕರನ್ನು ಬೈಯುತ್ತಾರೆ, ಅವರ ತಪ್ಪು ಅದರಲ್ಲಿ ಬಹಳ ಕಡಿಮೆ. ಜಿಪಿಎಸ್ ನಿಜವಾಗಿ ಉಪಯೋಗಕ್ಕೆ ಬರಬೇಕಾದದ್ದು ಇಲ್ಲಿ: ಎರಡು ಬಸ್‌ಗಳ ನಡುವಿನ ಅಂತರ ಕುಗ್ಗುತ್ತಿರುವುದನ್ನು ನಿಯಂತ್ರಣ ಕೊಠಡಿಯವರು ಕಂಡು, ಹಿಂದಿನದನ್ನು ಒಂದೆರಡು ನಿಮಿಷ ತಡೆದು ನಿಲ್ಲಿಸುವುದಕ್ಕೆ.

ಬ್ರೆಜಿಲ್‌ನ ಕುರಿಟೀಬಾ ನಗರವು 1974ರಲ್ಲಿಯೇ ಬಸ್‌ಗಳಿಗೆ ಪ್ರತ್ಯೇಕ ಪಥ ನಿರ್ಮಿಸಿತು. 1991ರಲ್ಲಿ ಕೊಳವೆಯಾಕಾರದ ನಿಲ್ದಾಣಗಳನ್ನು ಕಟ್ಟಿ, ಟಿಕೆಟ್ ಹಣವನ್ನು ಬಸ್ ಬರುವ ಮೊದಲೇ ಪಡೆದು, ಬಸ್ಸಿನ ನೆಲದ ಮಟ್ಟದಲ್ಲಿಯೇ ಹತ್ತುವ ವ್ಯವಸ್ಥೆ ಮಾಡಿತು. ಆ ಬಸ್‌ಗಳು ಡೀಸೆಲ್ಲಿನವೇ ಆಗಿದ್ದರೂ ತಮ್ಮ ತಾಯಿಯಂಥವರು ನಿಲ್ದಾಣದಿಂದ ಬಸ್ಸಿನೊಳಗೆ ಹೋಗುವಾಗ ಒಂದು ಮೆಟ್ಟಿಲನ್ನೂ ಏರಬೇಕಾಗಿರಲಿಲ್ಲ.

ಪ್ರತಿಕ್ರಿಯೆ 2

ನಾನು ದೃಷ್ಟಿಹೀನ. ಬಿಳಿ ಕೋಲು ಹಿಡಿದು ಪ್ರತಿದಿನ ಎರಡು ಬಸ್ ಬದಲಿಸಿ ಕೆಲಸಕ್ಕೆ ಹೋಗುತ್ತೇನೆ. ಮೇಲಿನವರ ಲೆಕ್ಕವನ್ನು ಒಪ್ಪುತ್ತಲೇ, ನಿಲ್ದಾಣದವರೆಗಿನ ದಾರಿಯನ್ನು ಅದಕ್ಕಿಂತಲೂ ಮುಂದೆ ಇಡಬೇಕೆಂದು ಕೇಳಿಕೊಳ್ಳುತ್ತೇನೆ.

ಪಾದಚಾರಿ ಮಾರ್ಗದಲ್ಲಿ ಹಾಸುವ ಉಬ್ಬುಗೆರೆಯ ಹಳದಿ ಬಿಲ್ಲೆಗಳನ್ನು ಎಲ್ಲರೂ ನೋಡಿರುತ್ತೀರಿ. ಜಪಾನಿನ ಸೇಯಿಚಿ ಮಿಯಾಕೆ ಅವುಗಳನ್ನು 1965ರಲ್ಲಿ ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದ ರಸ್ತೆಯೊಂದರಲ್ಲಿ ಅವು ಮೊದಲ ಬಾರಿಗೆ ಬಳಕೆಗೆ ಬಂದವು. ಉದ್ದ ಗೆರೆಗಳಿದ್ದರೆ ಮುಂದೆ ನಡೆಯಬಹುದು, ದುಂಡು ಚುಕ್ಕಿಗಳಿದ್ದರೆ ನಿಲ್ಲಬೇಕು ಎಂಬುದು ನಮ್ಮ ಪಾದಗಳಿಗೆ ತಿಳಿಯುವ ಭಾಷೆ. ನಾನು ದಿನವೂ ನಡೆಯುವ ದಾರಿಯಲ್ಲಿ ಉದ್ದ ಗೆರೆಗಳು ಸುಮಾರು ಮೂವತ್ತು ಹೆಜ್ಜೆ ಸರಿಯಾಗಿ ಸಾಗಿ, ಒಂದೂ ಚುಕ್ಕಿಯಿಲ್ಲದೆ ನೇರವಾಗಿ ಒಂದು ಕಬ್ಬಿಣದ ಕಂಬಕ್ಕೆ ಹೋಗಿ ಮುಟ್ಟುತ್ತವೆ. ಬಿಲ್ಲೆ ಹಾಸಿದವರು ಕಣ್ಣು ಮುಚ್ಚಿಕೊಂಡು ಒಮ್ಮೆ ಅದರ ಮೇಲೆ ನಡೆದಿದ್ದರೆ ಸಾಕಿತ್ತು.

ಇನ್ನೊಂದು ಮಾತು. ವಿದ್ಯುತ್ ಬಸ್ ನಿಧಾನವಾಗಿ ಬರುವಾಗ ಸದ್ದೇ ಕೇಳಿಸುವುದಿಲ್ಲ. ಬಾಗಿಲು ತೆರೆದೊಡನೆ ಮಾರ್ಗ ಸಂಖ್ಯೆಯನ್ನು ಹೊರಗಿನವರಿಗೂ ಕೇಳುವಂತೆ ಘೋಷಿಸುವ ಧ್ವನಿವರ್ಧಕ ಇಲ್ಲದಿದ್ದರೆ ನಾನು ಪಕ್ಕದಲ್ಲಿ ನಿಂತ ಅಪರಿಚಿತರನ್ನೇ ಕೇಳಬೇಕು. ಯಾರೂ ಇಲ್ಲದ ಹೊತ್ತಿನಲ್ಲಿ ಬಸ್ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಆ್ಯಪ್ ಮಾಡುವುದಾದರೆ ಅದರ ಪ್ರತಿಯೊಂದು ಗುಂಡಿಗೂ ಹೆಸರಿರಲಿ, ನನ್ನ ಮೊಬೈಲ್ ಅದನ್ನು ಓದಿ ಹೇಳುವಂತಿರಲಿ. ಮೊಬೈಲ್ ಇಲ್ಲದವರಿಗೆ ನಗದು ಕೊಟ್ಟು ಟಿಕೆಟ್ ಪಡೆಯುವ ದಾರಿಯನ್ನು ಮುಚ್ಚಬಾರದೆಂದೂ ತಮ್ಮ ಟಿಪ್ಪಣಿಯಲ್ಲಿ ಸೇರಿಸಿ.

ಪ್ರತಿಕ್ರಿಯೆ 3

ವಿದ್ಯುತ್ ಬಸ್‌ಗಳನ್ನು ಅಷ್ಟು ಹಗುರವಾಗಿ ಕಾಣಬಾರದು. ಪದೇ ಪದೇ ನಿಂತು ಹೊರಡುವ ನಗರದ ಓಡಾಟಕ್ಕೆ ಅವು ಹೇಳಿ ಮಾಡಿಸಿದಂತಿವೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯ ಒಂದು ಭಾಗ ಬ್ಯಾಟರಿಗೆ ಮರಳುತ್ತದೆ, ನಿಲ್ದಾಣದಲ್ಲಿ ಕಾಯುವವರ ಮುಖಕ್ಕೆ ಹೊಗೆ ಬಡಿಯುವುದಿಲ್ಲ. ಚೀನಾದ ಶೆನ್‌ಜೆನ್ ನಗರವು 2017ರ ಕೊನೆಯ ಹೊತ್ತಿಗೆ ತನ್ನ ಸುಮಾರು 16,000 ಬಸ್‌ಗಳನ್ನೂ ವಿದ್ಯುತ್ತಿಗೆ ಬದಲಿಸಿತ್ತು. ಖರೀದಿಯ ಷರತ್ತುಗಳಲ್ಲಿಯೇ ಮೆಟ್ಟಿಲಿಲ್ಲದೆ ಹತ್ತಬಹುದಾದ ತಗ್ಗು ನೆಲ, ಗಾಲಿಕುರ್ಚಿಗೆ ಇಳಿಜಾರು ಹಲಗೆ, ಹೊರಗಿನ ಧ್ವನಿವರ್ಧಕ ಕಡ್ಡಾಯವೆಂದು ಬರೆಸಿದರೆ ಒಂದೇ ಹಣದಲ್ಲಿ ಎರಡು ಗುರಿಗಳು ಈಡೇರುತ್ತವೆ. ಒಮ್ಮೆ ಕೊಂಡ ಬಸ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಓಡುವುದರಿಂದ ಈ ಷರತ್ತು ಈಗಲೇ ಸೇರಬೇಕು.

ಆದರೆ ಕಾರುಗಳನ್ನು ವಿದ್ಯುತ್ತಿಗೆ ಬದಲಿಸಿದ ಮಾತ್ರಕ್ಕೆ ರಸ್ತೆಯ ಜಾಗ ಒಂದಿಂಚೂ ಉಳಿಯುವುದಿಲ್ಲ. ಆ ಜಾಗಕ್ಕೆ ಬೆಲೆ ಕಟ್ಟುವ ಧೈರ್ಯವೂ ಬೇಕು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರವು 2006ರಲ್ಲಿ ನಗರದೊಳಗೆ ಬರುವ ವಾಹನಗಳಿಗೆ ಪ್ರಾಯೋಗಿಕವಾಗಿ ದಟ್ಟಣೆ ಶುಲ್ಕ ವಿಧಿಸಿದಾಗ ಗಡಿ ದಾಟುವ ವಾಹನಗಳು ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆಯಾದವು. 2007ರಲ್ಲಿ ಅದು ಕಾಯಂ ಆಯಿತು. ಶುಲ್ಕ ಹಾಕುವುದಕ್ಕೆ ತಿಂಗಳುಗಳ ಮೊದಲೇ ಹೆಚ್ಚುವರಿ ಬಸ್‌ಗಳನ್ನು ಓಡಿಸಲು ಆರಂಭಿಸಿದ್ದರು ಎಂಬುದನ್ನು ಗಮನಿಸಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಲ್ದಾಣದವರೆಗಿನ ದಾರಿ, ಬಸ್ ಪಥ, ಖರೀದಿಯ ಷರತ್ತು ಎಂಬ ಕ್ರಮದಲ್ಲಿ ಬರೆಯುತ್ತೇನೆ. ತಗ್ಗು ನೆಲದ ಬಸ್ ಬಂದ ಮೇಲೆ ನನ್ನ ತಾಯಿಗೆ ಹತ್ತಲು ಸಾಧ್ಯವಾಗುತ್ತದೆಂದು ನಂಬಬಹುದೇ?

ಪ್ರತಿಕ್ರಿಯೆ 1 ಬರೆದವರು

ಬಸ್ ಪಾದಚಾರಿ ಕಟ್ಟೆಯ ಅಂಚಿಗೆ ಒತ್ತಿ ನಿಂತರೆ ಮಾತ್ರ. ನಿಲ್ಲಬೇಕಾದ ಜಾಗದಲ್ಲಿ ಒಂದು ಸ್ಕೂಟರ್ ನಿಂತಿದ್ದರೂ ಚಾಲಕರು ಬಸ್ಸನ್ನು ರಸ್ತೆಯ ನಡುವೆಯೇ ನಿಲ್ಲಿಸಬೇಕಾಗುತ್ತದೆ. ಆಗ ತಮ್ಮ ತಾಯಿ ಕಟ್ಟೆಯಿಂದ ರಸ್ತೆಗೆ ಇಳಿದು, ಅಲ್ಲಿಂದ ಮತ್ತೆ ಮೇಲೆ ಹತ್ತಬೇಕು, ಇಳಿಜಾರು ಹಲಗೆಯೂ ಕಡಿದಾಗುತ್ತದೆ. ತಮ್ಮ ಬಡಾವಣೆಯ ನಿಲ್ದಾಣದಲ್ಲಿ ಒಂದು ಬೆಳಿಗ್ಗೆ ಒಂದು ಗಂಟೆ ನಿಂತು, ಎಷ್ಟು ಬಸ್‌ಗಳು ಅಂಚಿಗೆ ಒತ್ತಿ ನಿಂತವು, ಎಷ್ಟು ದೂರ ನಿಂತವು, ಅಡ್ಡವಾಗಿದ್ದುದು ಏನು ಎಂದು ಬರೆದುಕೊಳ್ಳಿ. ಆ ಪಟ್ಟಿಯನ್ನು ಟಿಪ್ಪಣಿಯ ಮೊದಲ ಪುಟದಲ್ಲಿಯೇ ಲಗತ್ತಿಸಿ.