ಓದುಗರ ಸ್ಪಂದನ: ಗೈಡ್ ಓದಿ ಪಾಸಾದರೆ ತಪ್ಪಾ?

ಹಾವೇರಿ ಕಡೆಯ ಬಿ.ಎ. ವಿದ್ಯಾರ್ಥಿನಿಯೊಬ್ಬರು ಕಳೆದ ಸಂಚಿಕೆಯಲ್ಲಿ ಕಷ್ಟ ಹೇಳಿಕೊಂಡಿದ್ದರು. ಅವರಿಗೆ ಅಮೆರಿಕನ್ ಸಾಹಿತ್ಯದ ಪತ್ರಿಕೆ ಇದೆ. ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಕ್ರೈಸ್ತರು, ‘ಮೋಬಿ ಡಿಕ್’ನ ತಿಮಿಂಗಿಲ ಬೇಟೆ, ಥೋರೊನ ‘ವಾಲ್ಡನ್’ನ ಕಾಡಿನ ಗುಡಿಸಲು ಯಾವುದೂ ತಲೆಗೆ ಹತ್ತುತ್ತಿಲ್ಲ. ಗೈಡ್ ಓದಿ ಪಾಸಾದರೆ ತಪ್ಪಾ ಎಂದು ಕೇಳಿದ್ದರು.

ತಪ್ಪು. ಹೆಮಿಂಗ್ವೆಯ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ನೂರು ಚಿಲ್ಲರೆ ಪುಟ. ಅದರ ಗೈಡೇ ಅದಕ್ಕಿಂತ ದಪ್ಪ. ಮೊಬೈಲ್ ಬದಿಗಿಟ್ಟು ಓದಮ್ಮ.
— ನಿವೃತ್ತ ಉಪನ್ಯಾಸಕ, ಧಾರವಾಡ

*ಮೇಷ್ಟ್ರ ಕೋಪ ನಮಗೂ ಅರ್ಥವಾಗುತ್ತದೆ. ಮುಂದಿನ ಪತ್ರ ಉದ್ದವಿದೆ. ಕತ್ತರಿ ಹಾಕಲು ಮನಸ್ಸು ಬರಲಿಲ್ಲ.*

ತಂಗಿ, ನಿನ್ನ ಪತ್ರ ಹಳೇ ಸಿಟ್ಟೊಂದನ್ನು ಕೆದಕಿತು. ನನ್ನ ಎಂ.ಎ.ಗೆ ಫ್ರೆಡರಿಕ್ ಡಗ್ಲಾಸ್‌ನ ಆತ್ಮಕಥೆ ಪಠ್ಯವಾಗಿತ್ತು. ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡು ಬಂದವನು 1845ರಲ್ಲಿ ಬರೆದ ಪುಸ್ತಕ. ‘ಇದರಿಂದ ಪ್ರಶ್ನೆ ಬರಲ್ಲ’ ಅಂತ ನಮ್ಮ ಉಪನ್ಯಾಸಕರು ಬಿಟ್ಟೇಬಿಟ್ಟರು. ಹಾಸ್ಟೆಲಿನಲ್ಲಿ ಒಬ್ಬಳೇ ಓದಿಕೊಂಡೆ.

ಶುರುವಿನಲ್ಲೇ ಆತ ತನ್ನ ವಯಸ್ಸು ತನಗೆ ಸರಿಯಾಗಿ ಗೊತ್ತಿಲ್ಲ ಅನ್ನುತ್ತಾನೆ. ಗುಲಾಮರಿಗೆ ಹುಟ್ಟಿದ ದಿನ ಇರಲಿಲ್ಲ. ಬಿತ್ತನೆ ಹೊತ್ತು, ಕೊಯ್ಲಿನ ಹೊತ್ತು, ಅಷ್ಟೇ. ನನ್ನಪ್ಪ ಜೀತಕ್ಕಿದ್ದವರು. ‘ನಿಮ್ಮಪ್ಪ ರಾಗಿ ಕೊಯ್ಲಲ್ಲಿ ಹುಟ್ಟಿದ್ದು’ ಅಂತಲೇ ಅಜ್ಜಿ ಹೇಳುತ್ತಿದ್ದಳು.

ಬಾಲ್ಟಿಮೋರ್‌ನಲ್ಲಿ ಆ ಹುಡುಗನಿಗೆ ಒಡತಿ ಎ ಬಿ ಸಿ ಕಲಿಸತೊಡಗುತ್ತಾಳೆ. ಯಜಮಾನ ಬಿಡುವುದಿಲ್ಲ. ಓದು ಕಲಿತ ಗುಲಾಮ ಕೈಗೆ ಸಿಗಲ್ಲ ಅನ್ನುತ್ತಾನೆ. ಆಮೇಲೆ ಹುಡುಗ ಕೆಲಸಕ್ಕೆ ಹೊರಟಾಗ ಮನೆಯ ಬ್ರೆಡ್ ಒಯ್ದು, ಬೀದಿಯ ಬಡ ಬಿಳಿ ಹುಡುಗರಿಗೆ ಕೊಟ್ಟು ಓದು ಕಲಿಯುತ್ತಾನೆ. ಗೈಡಿನಲ್ಲಿ ಡಗ್ಲಾಸ್‌ಗೆ ಎರಡು ಪ್ಯಾರಾ ಇತ್ತು. ಬ್ರೆಡ್ಡಿನ ಸುದ್ದಿಯೇ ಇರಲಿಲ್ಲ.

ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಬರೆದು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೇ ಅರ್ಪಿಸಿದರು. ಅದನ್ನೂ ಕ್ಲಾಸಿನಲ್ಲಿ ಯಾರೂ ಹೇಳಲಿಲ್ಲ. ಅಪ್ಪನ ಬಗ್ಗೆ ಒಂದು ಮಾತು ಅಲ್ಲಿ ಹೇಳಬೇಕಂತ ಇತ್ತು. ಪಾಠವೇ ನಡೆಯದ ಮೇಲೆ ಎಲ್ಲಿ ಹೇಳೋದು? ನಿನಗೆ ತಿಮಿಂಗಿಲ ಹತ್ತದಿದ್ದರೆ ಬಿಡು. ಡಗ್ಲಾಸ್‌ನಿಂದ ಶುರುಮಾಡು.
— ಶಾಲಾ ಶಿಕ್ಷಕಿ, ಚಾಮರಾಜನಗರ

*ಇನ್ನೊಂದು ಪತ್ರ ದೂರದಿಂದ ಬಂದಿದೆ.*

ಗೈಡ್ ವಿಷಯ ನನಗೆ ಗೊತ್ತಿಲ್ಲ, ಆದರೆ ವಾಲ್ಡನ್ ಕೊಳ ಗೊತ್ತು. ಅದರ ದಡದಲ್ಲಿ ಗುಡಿಸಲು ಹಾಕಿ ಥೋರೊ ಇದ್ದದ್ದು ದೊಡ್ಡ ಕಾಡೇನಲ್ಲ. ಕಾಂಕಾರ್ಡ್ ಊರಿಗೆ ಅರ್ಧ ಗಂಟೆಯ ನಡಿಗೆ. ಗುಡಿಸಲಿಗೆ ಆದ ಖರ್ಚು 28 ಡಾಲರ್ ಹನ್ನೆರಡೂವರೆ ಸೆಂಟ್. ಮೊಳೆಯ ಲೆಕ್ಕವನ್ನೂ ಬರೆದಿಟ್ಟಿದ್ದಾನೆ. ಅಲ್ಲಿ ಕೂತು ಭಗವದ್ಗೀತೆ ಓದುತ್ತಿದ್ದ. ಈಗ ಬೇಸಿಗೆಯಲ್ಲಿ ಜನ ಈಜಲು ಬರುತ್ತಾರೆ. ಬೇಗ ಹೋಗದಿದ್ದರೆ ಪಾರ್ಕಿಂಗ್ ಸಿಗಲ್ಲ.
— ಓದುಗ, ಬೋಸ್ಟನ್

*ಪಾರ್ಕಿಂಗ್ ಚಿಂತೆ ಬೇಡ. ಮೊಳೆಯ ಲೆಕ್ಕ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದೆ.*

ಮೇಡಂ, ಉಪನ್ಯಾಸಕರಾಗಲು ಬರೆಯುವ ನೆಟ್ ಪರೀಕ್ಷೆಗೆ ಇಸವಿಗಳು ಮುಖ್ಯ. ‘ಸ್ಕಾರ್ಲೆಟ್ ಲೆಟರ್’ 1850, ‘ಮೋಬಿ ಡಿಕ್’ 1851, ‘ವಾಲ್ಡನ್’ 1854, ‘ಲೀವ್ಸ್ ಆಫ್ ಗ್ರಾಸ್’ 1855. ಬಾಯಿಪಾಠ ಮಾಡಿ. ‘ಮೋಬಿ ಡಿಕ್’ ನಾನು ಮುಟ್ಟೇ ಇಲ್ಲ, ಸಂಶೋಧನೆಗೆ ಕೊಡುವ ಫೆಲೋಶಿಪ್ ಜೆಆರ್‌ಎಫ್ ಆಯ್ತು.
— ಸಂಶೋಧನಾ ವಿದ್ಯಾರ್ಥಿ, ಕಲಬುರಗಿ

*ಅಭಿನಂದನೆಗಳು. ‘ಮೋಬಿ ಡಿಕ್’ ನಮ್ಮ ಕಚೇರಿಯಲ್ಲಿದೆ. ವಿಳಾಸ ಕೊಟ್ಟರೆ ಕಳಿಸುತ್ತೇವೆ.*