ಕಪ್ಪು ಶೀಟ್ ಹೊದಿಸಿ ಮೂರು ವಾರ ಆಯ್ತು, ಮಣ್ಣು ಕಾಯುತ್ತಿಲ್ಲ, ಜೇಕು ಕಳೆ ತೂರಿ ಬರುತ್ತಿದೆ

ಸಸಿಮಡಿ_ಕೋಲಾರ:
ಎಲ್ಲರಿಗೂ ನಮಸ್ಕಾರ. ಟೊಮೆಟೊ, ಮೆಣಸಿನಕಾಯಿ ಸಸಿ ಬೆಳೆಸುವ ಮಡಿಗಳಲ್ಲಿ ಹೋದ ಸಲ ಬೇರುಗಂಟು ಹುಳು ಜಾಸ್ತಿ ಇತ್ತು. ಸಸಿ ಕಿತ್ತರೆ ಬೇರಿನ ತುಂಬಾ ಸಾಸಿವೆ ಪೋಣಿಸಿದ ಹಾಗೆ ಗಂಟು. ಅದರ ಜೊತೆಗೆ ಬುಡ ಕೊಳೆತು ಸಾಲಾಗಿ ಮಲಗಿದವು. ಬಿಸಿಲಿಗೆ ಮಣ್ಣು ಕಾಯಿಸಿದರೆ ಹೋಗುತ್ತದೆ ಅಂದರು, ಸರಿ ಅಂತ ಏಪ್ರಿಲ್ ಮೊದಲ ವಾರ ಮಡಿ ಅಗೆದು, ಮಲ್ಚಿಂಗ್‌ಗೆ ಅಂದರೆ ಗಿಡದ ಬುಡದ ನೆಲಕ್ಕೆ ಹೊದಿಸಲು ತಂದು ಮಿಕ್ಕಿದ್ದ ಕಪ್ಪು ಶೀಟ್ ಹೊದಿಸಿದೆ. ಶೀಟ್ ಮುಟ್ಟಿದರೆ ಕೈ ಸುಡುತ್ತದೆ, ಆದರೆ ಮಣ್ಣೊಳಗೆ ಬೆರಳು ತೂರಿಸಿದರೆ ಬರೀ ಬೆಚ್ಚಗಿದೆ. ಸಾಲದ್ದಕ್ಕೆ ಜೇಕು ಶೀಟನ್ನೇ ತೂತು ಮಾಡಿಕೊಂಡು ಮೇಲೆ ಬಂದಿದೆ. ಈಗಲೂ ಸರಿ ಮಾಡಬಹುದಾ?

ಹಳೇ_ತೋಟಿಗ:
ಶೀಟ್ ಕೈ ಸುಡುತ್ತದೆ ಅಂದ್ರಲ್ಲ, ಉತ್ತರ ಅಲ್ಲೇ ಇದೆ. ಕಪ್ಪು ಶೀಟ್ ಬಿಸಿಲನ್ನು ತಾನೇ ಕುಡಿದು ಕಾಯುತ್ತದೆ, ಆ ಕಾವು ಬಹಳಷ್ಟು ಗಾಳಿಗೇ ಹೋಗುತ್ತದೆ. ಇದಕ್ಕೆ ಬೇಕಿರೋದು ಬಣ್ಣವಿಲ್ಲದ, ಆಚೆ ಈಚೆ ಕಾಣುವ ತೆಳು ಶೀಟ್. 100 ಗೇಜ್ ಸಾಕು, ಅಂದರೆ 25 ಮೈಕ್ರಾನ್. ಗಾಳಿಗೆ ಹರಿಯುತ್ತದೆ ಅನ್ನಿಸಿದರೆ 200 ಗೇಜ್ ತನ್ನಿ, ಅದಕ್ಕಿಂತ ದಪ್ಪ ಸುಮ್ನೆ ದುಡ್ಡು ದಂಡ. ಬಿಸಿಲು ಶೀಟ್ ದಾಟಿ ಮಣ್ಣನ್ನೇ ಕಾಯಿಸಬೇಕು, ಶೀಟ್ ಕೆಳಗೆ ಕಟ್ಟುವ ಹನಿ ಆ ಕಾವನ್ನು ಹೊರಗೆ ಬಿಡಬಾರದು. ಒಂದು ಕೇಳಬೇಕು, ಹೊದಿಸುವ ಮುಂಚೆ ನೀರು ಕೊಟ್ಟಿದ್ದಿರಾ?

ಸಸಿಮಡಿ_ಕೋಲಾರ:
ಇಲ್ಲ ಸರ್. ಒಣ ಮಣ್ಣು ಬೇಗ ಕಾಯುತ್ತದೆ ಅಲ್ವಾ?

ಹಳೇ_ತೋಟಿಗ:
ಮೇಲಿನ ಪದರ ಬೇಗ ಕಾಯುತ್ತದೆ ನಿಜ, ಕಾವು ಕೆಳಕ್ಕೆ ಇಳಿಯಬೇಕಲ್ಲ. ಅದನ್ನು ಇಳಿಸೋದು ನೀರು. ಇನ್ನೊಂದು, ಒಣ ಮಣ್ಣಲ್ಲಿ ಮಲಗಿರುವ ಬೀಜ, ಶಿಲೀಂಧ್ರ ಎಲ್ಲ ಬಹಳ ಗಟ್ಟಿ, ತೇವ ತಾಗಿ ಎಚ್ಚೆತ್ತ ಮೇಲೆ ಅದೇ ಬಿಸಿಗೆ ಸಾಯುತ್ತವೆ. 1976ರಲ್ಲಿ ಇಸ್ರೇಲಿನ ವಿಜ್ಞಾನಿ ಕಟಾನ್ ಮತ್ತು ಜೊತೆಗಾರರು ಈ ವಿಧಾನವನ್ನು ಮೊದಲು ಪ್ರಕಟಿಸಿದಾಗಲೂ ಮಣ್ಣಿಗೆ ನೀರು ಕೊಟ್ಟೇ ಮಾಡಿದ್ದರು.

ಈಗ ಹೀಗೆ ಮಾಡಿ. ಕಪ್ಪು ಶೀಟ್ ತೆಗೆಯಿರಿ. ಹೆಂಟೆ ಒಡೆದು, ಕಡ್ಡಿ ಕಲ್ಲು ಆರಿಸಿ, ಮಡಿ ಮಟ್ಟ ಮಾಡಿ. ಒಂದಡಿ ಆಳ ನೆನೆಯುವಷ್ಟು ನೀರು ಬಿಟ್ಟು, ಮರುದಿನ ಹದ ನೋಡಿ ಹೊದಿಸಿ. ಶೀಟ್ ಮಣ್ಣಿಗೆ ಅಂಟಿಕೊಂಡಿರಬೇಕು, ನಡುವೆ ಗಾಳಿ ಉಬ್ಬಿದರೆ ಕಾವು ಅಲ್ಲೇ ನಿಲ್ಲುತ್ತದೆ. ಸುತ್ತ ಗೇಣುದ್ದ ಚರಂಡಿ ತೋಡಿ ಅಂಚನ್ನು ಮಣ್ಣಲ್ಲಿ ಹೂಳಿ. ನಾಲ್ಕು ಮೂಲೆಗೆ ಕಲ್ಲಿಟ್ಟು ಬಿಟ್ಟರೆ ಮೊದಲ ಗಾಳಿಗೇ ಹಾರುತ್ತದೆ. ಅಂಚಿನ ಮಣ್ಣು ಹೇಗೂ ಅಷ್ಟು ಕಾಯಲ್ಲ, ಅದಕ್ಕೇ ಮಡಿಗಿಂತ ಒಂದಡಿ ಅಗಲ ಜಾಸ್ತಿ ಹೊದಿಸಿ. ನಾಲ್ಕರಿಂದ ಆರು ವಾರ ಬಿಡಿ.

ಗರಿಕೆ_ಶತ್ರು:
ಜೇಕಿನ ಬಗ್ಗೆ ನಾನು ಹೇಳ್ತೀನಿ. ಕತ್ತಲಲ್ಲಿ ಅದರ ಮೊಳಕೆ ಎಲೆ ಬಿಚ್ಚಲ್ಲ, ಸೂಜಿ ಮೊನೆ ಹಾಗೇ ಇರುತ್ತದೆ, ಅದಕ್ಕೇ ಕಪ್ಪು ಶೀಟ್ ತೂರಿತು. ಬೆಳಕು ಬೀಳುವ ಶೀಟ್ ಕೆಳಗೆ ಎಲೆ ಬೇಗ ಬಿಚ್ಚುತ್ತದೆ, ಮೊನೆ ಹೋಗುತ್ತದೆ, ತೂರಲಾಗದೆ ಅಲ್ಲೇ ಸುಟ್ಟು ಹೋಗುತ್ತದೆ. ಆದರೆ ಆಳದ ಗಡ್ಡೆ ಸಾಯುತ್ತೆ ಅಂತ ನಂಬಬೇಡಿ. ಗರಿಕೆ ಬೇರೂ ಅಷ್ಟೇ. ಈಗ ಅಗೆಯುವಾಗಲೇ ಗಡ್ಡೆ ಆರಿಸಿ ಹೊರಗೆ ಹಾಕಿ. ಬೀಜದಿಂದ ಹುಟ್ಟುವ ಸಣ್ಣಪುಟ್ಟ ಕಳೆಗಳಿಗೆ ಬಿಸಿಲು ಸಾಕು.

ತಾರಸಿ_ತೋಟ_ಬೆಂಗಳೂರು:
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಗ್ರೋ ಬ್ಯಾಗ್ ಮಣ್ಣಿಗೂ ಇದು ಆಗುತ್ತಾ?

ಹಳೇ_ತೋಟಿಗ:
ಇನ್ನೂ ಸುಲಭ ಮೇಡಂ. ಮಣ್ಣನ್ನು ಗ್ರೋ ಬ್ಯಾಗಿಂದ ಸುರಿದು, ತೇವ ಮಾಡಿ, ಪಾರದರ್ಶಕ ಕವರಿಗೆ ತುಂಬಿ ಬಾಯಿ ಕಟ್ಟಿ. ತಾರಸಿ ನೆಲದ ಮೇಲೆ ನೇರ ಇಡಬೇಡಿ, ಹಲಗೆ ಮೇಲಿಟ್ಟು, ಅದರ ಮೇಲೆ ಸ್ವಲ್ಪ ಜಾಗ ಬಿಟ್ಟು ಇನ್ನೊಂದು ಪಾರದರ್ಶಕ ಶೀಟ್ ಡೇರೆ ಕಟ್ಟಿ. ಮಣ್ಣಿನ ನಡುವಿಗೆ ಥರ್ಮಾಮೀಟರ್ ಚುಚ್ಚಿ ನೋಡಿ. 70 ಡಿಗ್ರಿ ಅರ್ಧ ಗಂಟೆ, ಇಲ್ಲಾ 60 ಡಿಗ್ರಿ ಒಂದು ಗಂಟೆ ನಿಂತರೆ ಕೆಲಸ ಮುಗೀತು. ಜ್ವರ ನೋಡುವ ಥರ್ಮಾಮೀಟರ್ ಬೇಡ, ಒಡೆದು ಹೋಗುತ್ತದೆ.

ಸಸಿಮಡಿ_ಕೋಲಾರ:
ಶೀಟ್ ತಂದೆ ಸರ್, ನಾಳೆ ನೀರು ಬಿಡ್ತೀನಿ. ಮೇನಲ್ಲಿ ಗುಡುಗು ಮಳೆ ಬಂದರೆ? ತೆಗೆದ ಮೇಲೆ ಒಂದು ಸಲ ಅಗೆದು ಗೊಬ್ಬರ ಸೇರಿಸಲಾ?

ಹಳೇ_ತೋಟಿಗ:
ಮಳೆ ನೀರು ನಿಂತರೆ ಮೇಲೆ ಕೆಸರು ಕೂತು ಬಿಸಿಲು ತಡೆಯುತ್ತದೆ, ಪೊರಕೆಯಲ್ಲಿ ಸರಿಸಿ ಒರೆಸಿಬಿಡಿ. ಶೀಟಿನ ಮೇಲೆ ನಡೆಯಬೇಡಿ. ತೂತಾದರೆ ಅಗಲ ಟೇಪ್ ಹಚ್ಚಿ.

ಅಗೆಯೋದು ಬೇಡವೇ ಬೇಡ. ಕಾದಿರೋದು ಮೇಲಿನ ಪದರ, ಕೆಳಗಿನ ಹುಳು, ಕಳೆ ಬೀಜ ಹಾಗೇ ಇರುತ್ತವೆ. ಗುದ್ದಲಿ ಹಾಕಿದರೆ ಅದನ್ನೇ ಮೇಲೆ ತಂದುಕೊಳ್ಳುತ್ತೀರಿ. ಎರಡು ಇಂಚಿನಷ್ಟು ಮಾತ್ರ ಕೆದಕಿ ಬಿತ್ತಿ. ಗೊಬ್ಬರ ಈಗಲೇ, ಹೊದಿಸುವ ಮುಂಚೆ ಸೇರಿಸಿ, ಅದರಲ್ಲಿರುವ ಕಳೆ ಬೀಜವೂ ಸುಡುತ್ತದೆ. ಟ್ರೈಕೋಡರ್ಮಾ (ರೋಗದ ಶಿಲೀಂಧ್ರ ತಡೆಯುವ ಒಳ್ಳೇ ಶಿಲೀಂಧ್ರ) ಮಾತ್ರ ಶೀಟ್ ತೆಗೆದು ಮಣ್ಣು ತಣ್ಣಗಾದ ಮೇಲೆ. ಪಕ್ಕದ ಹಳೇ ಮಡಿಯ ಮಣ್ಣು ಹತ್ತಿದ ಗುದ್ದಲಿ, ಚಪ್ಪಲಿ ತೊಳೆಯದೆ ಇದರೊಳಗೆ ಇಳಿಯಬೇಡಿ, ಬೇರುಗಂಟು ಹುಳು ಮತ್ತೆ ಬರೋದು ಹಾಗೇ.